ಎರಡು ಭಾಷೆ ಬಲ್ಲ ವಿಜ್ಞಾನ

ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಕುಟುಂಬಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಇಂಜಿನಿಯರಿಂಗೋ, ವೈದ್ಯಕೀಯವೋ? ಮೂಲವಿಜ್ಞಾನ ಓದಿ ಸಂಶೋಧನೆ ಮಾಡುತ್ತೇನೆನ್ನುವ ಮಗಳ ಮಾತಿಗೆ ಹಿರಿಯರು ಕಳವಳಪಡುವುದುಂಟು. ಆ ಕಳವಳ ನಿರಾಧಾರವೇನಲ್ಲ. ಆದರೆ ಬೇಡವೆನ್ನುವ ಮುನ್ನ ಆ ಹಾದಿಯ ಸ್ವರೂಪವನ್ನು ಅರಿಯುವುದು ಉಚಿತ. ಭೌತವಿಜ್ಞಾನದ ಅಳತೆ, ಗಣಿತಗಳಿಂದ ಜೀವಿಯ ಒಳರಚನೆಯನ್ನು ತಿಳಿಯಲೆತ್ನಿಸುವ ಜೀವಭೌತವಿಜ್ಞಾನವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

ಈ ಶಾಸ್ತ್ರವನ್ನು ನಮ್ಮ ದೇಶದಲ್ಲಿ ಬೇರೂರಿಸಿದವರಲ್ಲಿ ಅಗ್ರಗಣ್ಯರು ಜಿ.ಎನ್. ರಾಮಚಂದ್ರನ್. 1922ರಲ್ಲಿ ಎರ್ನಾಕುಲಂನಲ್ಲಿ ಜನಿಸಿದ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದು ವಿದ್ಯುತ್ ಇಂಜಿನಿಯರಿಂಗ್ ಕಲಿಯಲೆಂದು. ಸರ್ ಸಿ.ವಿ. ರಾಮನ್ ಅವರ ಸೆಳೆತಕ್ಕೊಳಗಾಗಿ ಭೌತವಿಜ್ಞಾನಕ್ಕೆ ಹೊರಳಿದರು. ಕೇಂಬ್ರಿಜ್‌ನಲ್ಲಿ ಅಧ್ಯಯನ ಮುಗಿಸಿ ಮರಳಿ, 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಚರ್ಮ, ಮೂಳೆಗಳಿಗೆ ಬಲ ನೀಡುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಹೆಣಿಗೆಯೆಂದು ಅವರು ಗೋಪೀನಾಥ್ ಕರ್ತಾ ಅವರೊಡಗೂಡಿ 1954-55ರಲ್ಲಿ ಪ್ರತಿಪಾದಿಸಿದರು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಸನಿಹಕ್ಕೆ ಬಂದಿವೆಯೆಂದು ಫ್ರಾನ್ಸಿಸ್ ಕ್ರಿಕ್ ಮೊದಲಾದವರು ಆಕ್ಷೇಪವೆತ್ತಿದರು. ರಾಮಚಂದ್ರನ್ ಬರಿಯ ವಾಗ್ವಾದಕ್ಕಿಳಿಯಲಿಲ್ಲ; ‘ಅತಿ ಸನಿಹ’ವೆಂದರೆ ಎಷ್ಟು ಎಂಬ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಅದುವರೆಗೆ ತಿಳಿದಿದ್ದ ಹರಳುಗಳ ರಚನೆಗಳಿಂದ ಪರಮಾಣುಗಳ ನಡುವಣ ಕನಿಷ್ಠ ಅಂತರಗಳನ್ನು ಕಲೆಹಾಕಿದರು. ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಂದಿಗೆ 1963ರಲ್ಲಿ ಪ್ರಕಟಿಸಿದ ಚಿತ್ರವೇ ಲೋಕವಿಖ್ಯಾತ ‘ರಾಮಚಂದ್ರನ್ ನಕ್ಷೆ’.

ಅದರ ತಿರುಳು ಸರಳ. ಪ್ರೋಟೀನೆಂಬುದು ಜಪಸರದ ಮಣಿಗಳಂತೆ ಅಮೈನೋ ಆಮ್ಲಗಳು ಪೋಣಿಸಲ್ಪಟ್ಟ ಸರ. ಪ್ರತಿ ಮಣಿಯ ಬಳಿ ಸರವು ಮುಖ್ಯವಾಗಿ ಎರಡು ಬಂಧಗಳ ಸುತ್ತ ತಿರುಗಬಲ್ಲದು. ಆ ಎರಡು ಕೋನಗಳನ್ನು ಚೌಕವೊಂದರ ಅಡ್ಡಗೆರೆ, ಲಂಬಗೆರೆಗಳ ಮೇಲೆ ಗುರುತಿಸಿದರೆ, ಪರಮಾಣುಗಳು ಒಂದಕ್ಕೊಂದು ತಾಗದಿರುವ ಎಡೆಗಳು ಕೆಲವೇ ದ್ವೀಪಗಳು. ಮಿಕ್ಕದ್ದು ಬಹುಪಾಲು ನಿಷಿದ್ಧ ವಲಯ. ತತ್ತ್ವಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇರುವುದನ್ನು ವರ್ಣಿಸುವ ಮುನ್ನ ಇರಬಹುದಾದುದರ ಎಲ್ಲೆಯನ್ನು ಕಂಡುಕೊಂಡ ಕಾರ್ಯವಿದು. ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿದವರು ಇಂದಿಗೂ ಅದನ್ನು ಈ ನಕ್ಷೆಗೆ ಒಡ್ಡಿ ಪರೀಕ್ಷಿಸುತ್ತಾರೆ. ಮುಂದೆ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದ ರಾಮಚಂದ್ರನ್ 2001ರಲ್ಲಿ ನಿಧನರಾದರು.

ದೀರ್ಘ ಹಾದಿ

ಈ ಹಾದಿ ಹಿಡಿಯುವವರಿಗೆ ತಾಳ್ಮೆ ಬೇಕು. ಸ್ನಾತಕೋತ್ತರ ಪದವಿಯ ಬಳಿಕ ಅರ್ಹತಾ ಪರೀಕ್ಷೆ, ಐದಾರು ವರ್ಷಗಳ ಪಿಎಚ್.ಡಿ., ಅನಂತರ ಹಲವು ವರ್ಷಗಳ ತಾತ್ಕಾಲಿಕ ಹುದ್ದೆ. ಕಾಯಂ ಕೆಲಸ ದೊರೆಯುವಾಗ ಮೂವತ್ತು ದಾಟಿರುತ್ತದೆ. ಎಲ್ಲರಿಗೂ ದೊರೆಯುವುದೂ ಇಲ್ಲ. ಆದರೆ ಸಂಶೋಧನೆಯ ಕಾಲವೆಲ್ಲ ತಂದೆತಾಯಿಯರೇ ಹಣ ಹೊಂದಿಸಬೇಕೆಂಬುದು ತಪ್ಪು ಕಲ್ಪನೆ. ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಗಳಿಸಿದ ಕಿರಿಯ ಸಂಶೋಧಕರ ಶಿಷ್ಯವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು.

ತಿಳಿಯಹೇಳುವ ಹೊಣೆ

ಜೀವಭೌತವಿಜ್ಞಾನಿಯು ಆರಂಭದಿಂದಲೇ ಎರಡು ಭಾಷೆಗಳನ್ನು ಆಡಬೇಕು. ಜೀವವಿಜ್ಞಾನಿಗೆ ಸಮೀಕರಣವನ್ನೂ ಭೌತವಿಜ್ಞಾನಿಗೆ ಜೀವಕೋಶವನ್ನೂ ಆತ ಅರ್ಥಮಾಡಿಸಬೇಕು. ನೂರಾರು ಅಳತೆಗಳನ್ನು ಒಂದೇ ಚಿತ್ರಕ್ಕಿಳಿಸಿದುದರಿಂದಲೇ ರಾಮಚಂದ್ರನ್ ನಕ್ಷೆ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿತು. ಜನಸಾಮಾನ್ಯರಿಗೆ ತಿಳಿಯಹೇಳುವುದು ಮೂರನೆಯ ಭಾಷೆ. ಅದೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನ ಬೋಧಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿ ಅವರು ತಮ್ಮ ಶಾಸ್ತ್ರವನ್ನು ಕನ್ನಡದಲ್ಲಿ ನಗುನಗುತ್ತ ಹೇಳಿದರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಸುಲಭವಾಗಿ ಹೇಳಿದರೆ ಶಾಸ್ತ್ರ ಹಗುರಾಗುತ್ತದೆಂಬ ಅಳುಕು ಅವರಿಗಿರಲಿಲ್ಲ.

ಆದುದರಿಂದ ಹೆತ್ತವರಲ್ಲಿ ನಮ್ಮ ಕೋರಿಕೆಯಿಷ್ಟೆ. ಮಗನೋ ಮಗಳೋ ಸಂಶೋಧನೆಯ ಮಾತೆತ್ತಿದಾಗ ಸಂಬಳವನ್ನು ವಿಚಾರಿಸಿ, ತಪ್ಪಿಲ್ಲ. ಆದರೆ ಅದಕ್ಕೆ ಮೊದಲು, ಏನನ್ನು ತಿಳಿಯಬಯಸುತ್ತೀಯೆಂದು ಕೇಳಿರಿ. ಅಜ್ಜಿಗೂ ಅರ್ಥವಾಗುವಂತೆ ಮನೆಮಾತಿನಲ್ಲಿ ವಿವರಿಸಲು ಹೇಳಿರಿ. ತಡವರಿಸಿದರೆ ಇನ್ನೊಮ್ಮೆ ಕೇಳಿರಿ. ಹೀಗೆ ವಿವರಿಸುತ್ತ ಹೋದಂತೆ ಅವರ ಆಸಕ್ತಿ ಎಷ್ಟು ಗಟ್ಟಿಯೆಂಬುದು ಅವರಿಗೂ ನಿಮಗೂ ತಿಳಿಯುವುದು.