ಮೈ ಬಿಸಿಗೇ ಬಿಚ್ಚಿಕೊಳ್ಳುವ ಹಗ್ಗ

ಮೊಲ ಸಾಕಿದ ಮನೆಗೆ ಮಕ್ಕಳ ಹಟಕ್ಕೆ ಒಂದು ಗಿನಿಪಿಗ್ ಕೂಡ ಬರುವುದುಂಟು. ಎರಡೂ ಹುಲ್ಲು ಮೇಯುವ ಸಾಧು ಪ್ರಾಣಿಗಳು, ಹಾಗಾಗಿ ಎರಡಕ್ಕೂ ಒಂದೇ ಚೀಲದ ಮೊಲದ ಆಹಾರ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಮೊಲ ಎಂದಿನಂತೆ ನೆಗೆದಾಡುತ್ತಿದ್ದರೆ ಗಿನಿಪಿಗ್ ಮೂಲೆ ಸೇರಿರುತ್ತದೆ. ರೋಮ ಒರಟಾಗಿರುತ್ತದೆ, ಹಿಂಗಾಲು ಎಳೆಯುತ್ತಿರುತ್ತದೆ, ಎತ್ತಿಕೊಳ್ಳಲು ಹೋದರೆ ಕೀಚಲು ದನಿಯಲ್ಲಿ ಕಿರುಚುತ್ತದೆ. ಲಕ್ವ ಹೊಡೆದಿರಬೇಕು ಎಂದುಕೊಂಡು ಆಸ್ಪತ್ರೆಗೆ ಒಯ್ದರೆ ಪಶುವೈದ್ಯರು ಮೊಣಕಾಲಿನ ಸುತ್ತ ಬೆರಳಾಡಿಸಿ ಊತ ನೋಡುತ್ತಾರೆ, ತುಟಿ ಸರಿಸಿ ಒಸಡು ನೋಡುತ್ತಾರೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ: "ಏನು ತಿನ್ನಿಸ್ತಿದ್ದೀರಿ?"

ನರಕ್ಕೆ ಏನೂ ಆಗಿರುವುದಿಲ್ಲ. ಬಂದಿರುವುದು ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆ. ಮೊಲ ತನಗೆ ಬೇಕಾದ ವಿಟಮಿನ್ ಸಿಯನ್ನು ಸಕ್ಕರೆಯಿಂದ ತನ್ನ ಲಿವರಿನಲ್ಲೇ ಮಾಡಿಕೊಳ್ಳುತ್ತದೆ. ಅದರ ಆಹಾರಕ್ಕೆ ಬೆರೆಸುವ ಅಗತ್ಯವಿಲ್ಲ, ತಯಾರಕರು ಬೆರೆಸುವುದೂ ಇಲ್ಲ. ಗಿನಿಪಿಗ್‌ಗೆ ಆ ವಿದ್ಯೆ ಮರೆತುಹೋಗಿದೆ. ನಮಗೂ ಅಷ್ಟೆ.

ಸ್ಕರ್ವಿಯ ಪಾಠ ಶಾಲೆಯಲ್ಲಿ 'ಒಸಡಿನಿಂದ ರಕ್ತ ಸೋರುವುದು' ಎಂಬ ಒಂದು ಸಾಲಿಗೆ ಮುಗಿದುಹೋಗುತ್ತದೆ. ಹಾಗಾಗಿ ಇದೊಂದು ರಕ್ತದ ಕಾಯಿಲೆ ಎಂದೇ ಬಹಳ ಜನ ತಿಳಿದಿದ್ದಾರೆ. ರಕ್ತದಲ್ಲಿ ದೋಷವಿಲ್ಲ, ರಕ್ತ ಹರಿಯುವ ನಾಳದ ಗೋಡೆ ಶಿಥಿಲವಾಗಿದೆ. ಗೋಡೆ ಮಾತ್ರವಲ್ಲ, ಕೀಲನ್ನು ಹಿಡಿದಿಟ್ಟ ರಜ್ಜು, ಹಲ್ಲನ್ನು ದವಡೆಗೆ ಬಿಗಿದ ನಾರು, ಎಲುಬಿನ ಸುಣ್ಣ ಕೂರುವ ಚೌಕಟ್ಟು ಎಲ್ಲವೂ ಒಟ್ಟಿಗೇ ಸಡಿಲವಾಗುತ್ತವೆ, ಏಕೆಂದರೆ ಇವೆಲ್ಲದರ ಮೂಲ ಸಾಮಗ್ರಿ ಒಂದೇ: ಕೊಲಾಜನ್. ಸಸ್ತನಿಗಳ ದೇಹದ ಒಟ್ಟು ಪ್ರೊಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಇದೇ ಇರುತ್ತದೆ.

ಕೊಲಾಜನ್ ರಚನೆ ಬಿಡಿಸಿದ ಕಥೆಯಲ್ಲಿ ನಮ್ಮವರ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್, ಮದರಾಸು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಗೋಪಿನಾಥ ಕರ್ತಾ ಜೊತೆಗೂಡಿ 1954ರಲ್ಲಿ ಅದರ ತ್ರಿಸುರುಳಿ ಮಾದರಿಯನ್ನು ಮುಂದಿಟ್ಟರು. ಎಕ್ಸ್‌-ರೇ ಚಿತ್ರಕ್ಕೆ ಬೇಕಾದ ಶುದ್ಧ ನಾರನ್ನು ಅವರಿಗೆ ಒದಗಿಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜು. ಅದು ಸಿಕ್ಕಿದ್ದು ಅದೇ ಊರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ. ರಾಮಚಂದ್ರನ್ ಮುಂದೆ ಬೆಂಗಳೂರಿಗೆ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು.

ಮೂರು ಎಳೆಗಳನ್ನು ಹೊಸೆದ ಹಗ್ಗ ಇದು. ಒಂದೊಂದು ಎಳೆಯಲ್ಲಿ ಸುಮಾರು 1000 ಅಮೈನೊ ಆಮ್ಲಗಳಿವೆ. ಪ್ರತಿ ಮೂರನೆಯದೂ ಗ್ಲೈಸೀನ್. ಮೂರೂ ಎಳೆಗಳು ಒತ್ತಿಕೊಳ್ಳುವ ನಡುಭಾಗ ಎಷ್ಟು ಇಕ್ಕಟ್ಟೆಂದರೆ, ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸೀನ್ ಬಿಟ್ಟು ಬೇರಾವುದೂ ಅಲ್ಲಿ ಹಿಡಿಸದು. ಉಳಿದ ಜಾಗಗಳಲ್ಲಿ ಮತ್ತೆ ಮತ್ತೆ ಬರುವುದು ಪ್ರೋಲೀನ್. ಎಳೆ ತಯಾರಾದ ಮೇಲೆ, ಹೊಸೆಯುವ ಮುಂಚೆ, ಜೀವಕೋಶ ಅನೇಕ ಪ್ರೋಲೀನ್‌ಗಳಿಗೆ ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸಿ ಹೈಡ್ರಾಕ್ಸಿಪ್ರೋಲೀನ್ ಮಾಡುತ್ತದೆ. ಎಳೆಯೊಂದಕ್ಕೆ ನೂರರ ಆಸುಪಾಸಿನಲ್ಲಿ ಇಂಥ ತಿದ್ದುಪಡಿಗಳು.

ಇಷ್ಟು ಸಣ್ಣ ತಿದ್ದುಪಡಿಯಿಂದ ಏನಾದೀತು? 1970ರ ದಶಕದ ಆರಂಭದಲ್ಲಿ ಇದನ್ನು ಅಳೆದು ನೋಡಿದರು. ತಿದ್ದುಪಡಿಯಾದ ಕೊಲಾಜನ್ ಸುಮಾರು 39 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಗಿಯಾಗಿ ನಿಂತಿತು. ತಿದ್ದುಪಡಿಯಾಗದ್ದು 24 ಡಿಗ್ರಿಗೇ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಗಿನಿಪಿಗ್‌ನ ಮೈ ಬಿಸಿ ಸುಮಾರು 38 ಡಿಗ್ರಿ, ನಮ್ಮದು 37. ಈ ತಿದ್ದುಪಡಿಗೆ ವಿಟಮಿನ್ ಸಿ ಬೇಕು. ಅಂದರೆ ಅದಿಲ್ಲದ ದೇಹದಲ್ಲಿ ಹೊಸದಾಗಿ ತಯಾರಾಗುವ ಎಳೆಗಳು ದೇಹದ ಬಿಸಿಗೇ ಹಗ್ಗವಾಗಲಾರವು. ಎಳೆ ಬಿಚ್ಚಿದ ಕೊಲಾಜನ್ ಹೇಗಿರುತ್ತದೆ ಎಂದು ನೋಡಲು ಪ್ರಯೋಗಾಲಯವೇ ಬೇಕಿಲ್ಲ. ಗಂಟೆಗಟ್ಟಲೆ ಬೆಂದ ಕಾಲು ಸೂಪು ಆರಿದ ಮೇಲೆ ಪಾತ್ರೆಯಲ್ಲಿ ಗಟ್ಟಿಯಾಗಿ ಅಲುಗುತ್ತದಲ್ಲ, ಆ ಜೆಲಾಟಿನ್ ಅದೇ. ಜೀವಂತ ಕೋಶ ಇಂಥ ಸರಕನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ, ಬಹುಪಾಲನ್ನು ಒಳಗೇ ತಡೆದು ಚೂರು ಮಾಡುತ್ತದೆ.

ತಿದ್ದುಪಡಿ ಮಾಡುವ ಕಿಣ್ವದ ಒಡಲಲ್ಲಿ ಒಂದು ಕಬ್ಬಿಣದ ಪರಮಾಣು ಇದೆ. ಕೆಲಸದ ನಡುವೆ ಆಗಾಗ ಅದು ಉತ್ಕರ್ಷಣಗೊಂಡು ಕಿಣ್ವ ಕೈಕಟ್ಟಿ ಕೂರುತ್ತದೆ. ಕಬ್ಬಿಣವನ್ನು ಮೊದಲಿನ ಸ್ಥಿತಿಗೆ ತರುವುದಷ್ಟೇ ವಿಟಮಿನ್ ಸಿ ಮಾಡುವ ಕೆಲಸ. ಅದು ಕೊಲಾಜನ್ನಿನ ಭಾಗವೂ ಅಲ್ಲ, ಕಚ್ಚಾವಸ್ತುವೂ ಅಲ್ಲ.

ಕೊಲಾಜನ್ ಪುಡಿ ಮಾರುವವರು ಹೇಳದ ಮಾತೊಂದು ಇಲ್ಲಿದೆ. ಆಹಾರದಲ್ಲಿ ಬಂದ ಹೈಡ್ರಾಕ್ಸಿಪ್ರೋಲೀನನ್ನು ದೇಹ ತನ್ನ ಹಗ್ಗಕ್ಕೆ ಸೇರಿಸಿಕೊಳ್ಳಲಾರದು. ಎಳೆ ಕಟ್ಟುವಾಗ ಕೋಶಕ್ಕೆ ಗೊತ್ತಿರುವುದು ಬರೀ ಪ್ರೋಲೀನ್, ತಿದ್ದುಪಡಿ ಆಮೇಲಿನದು. ಇದನ್ನು ಮಾರ್ಜೊರಿ ಸ್ಟೆಟನ್ 1949ರಷ್ಟು ಹಿಂದೆಯೇ, ಗುರುತು ಹಚ್ಚಿದ ಅಮೈನೊ ಆಮ್ಲವನ್ನು ಇಲಿಗಳಿಗೆ ತಿನ್ನಿಸಿ ತೋರಿಸಿದ್ದರು. ಸ್ಕರ್ವಿ ಹಿಡಿದ ಪ್ರಾಣಿಗೆ ಬಟ್ಟಲುಗಟ್ಟಲೆ ಸೂಪು ಕುಡಿಸಿದರೂ ಕೀಲು ನೆಟ್ಟಗಾಗದು. ದಪ್ಪ ಮೆಣಸಿನಕಾಯಿಯ ನಾಲ್ಕು ಹೋಳು ಹಾಕುವುದೇ ಮೇಲು.

ಹೊಸ ಕೊಲಾಜನ್ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಮೊದಲು ಪೆಟ್ಟು. ಗಿನಿಪಿಗ್‌ನ ಬಾಚಿಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ಹಾಗಾಗಿ ಆ ಹಲ್ಲಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಆಹಾರದಲ್ಲಿ ವಿಟಮಿನ್ ಎಷ್ಟಿತ್ತೆಂದು ಅಂದಾಜಿಸುವ ಪದ್ಧತಿಯೇ ಒಂದು ಕಾಲಕ್ಕೆ ಇತ್ತು. ಎಳೆಯ ಪ್ರಾಣಿಯಲ್ಲಿ ಉದ್ದ ಎಲುಬುಗಳ ತುದಿ ಮತ್ತು ಪಕ್ಕೆಲುಬಿನ ಸಂದುಗಳು ಊದಿಕೊಳ್ಳುತ್ತವೆ. ಬಾಸ್ಟನ್ನಿನ ವೊಲ್ಬಾಕ್ ಮತ್ತು ಹೌ 1926ರಲ್ಲಿ ಸ್ಕರ್ವಿ ಹಿಡಿದ ಗಿನಿಪಿಗ್‌ಗಳ ಅಂಗಾಂಶ ನೋಡಿದಾಗ, ಗಾಯ ಮಾಯಿಸಬೇಕಾದ ಕೋಶಗಳು ಬೇಕಾದಷ್ಟು ಬಂದು ನೆರೆದಿದ್ದವು; ಅವುಗಳ ನಡುವೆ ಇರಬೇಕಾದ ನಾರು ಮಾತ್ರ ಇರಲಿಲ್ಲ. ಕಿತ್ತಳೆ ರಸ ಕೊಟ್ಟ ಕೆಲವೇ ದಿನಗಳಲ್ಲಿ ನಾರು ಮೂಡಿತು. ಅಲ್ಲಿಯವರೆಗೆ ಕೂಲಿಯಾಳುಗಳೆಲ್ಲ ಹಾಜರಿದ್ದರೂ ಇಟ್ಟಿಗೆ ಕಚ್ಚುತ್ತಿರಲಿಲ್ಲ.

ಹಳೆಯ ಗಾಯದ ಕಲೆ ಕೂಡ ಸುಮ್ಮನೆ ಇರುವ ವಸ್ತುವಲ್ಲ, ಅಲ್ಲಿ ಕೊಲಾಜನ್ ಕಳೆಯುತ್ತ, ಹೊಸದು ತುಂಬುತ್ತ ಇರುತ್ತದೆ. ತುಂಬುವುದು ನಿಂತರೆ? 1740ರಲ್ಲಿ ಹೊರಟ ಜಾರ್ಜ್ ಆನ್ಸನ್ನನ ನೌಕಾಯಾನದ ವೃತ್ತಾಂತದಲ್ಲಿ ಒಬ್ಬ ಮುದಿ ಸಿಪಾಯಿಯ ಪ್ರಸಂಗವಿದೆ. ಐವತ್ತು ವರ್ಷದ ಹಿಂದೆ, 1690ರ ಬಾಯ್ನ್ ಕದನದಲ್ಲಿ ಆಗಿ ಪೂರ್ತಿ ಮಾಯ್ದಿದ್ದ ಗಾಯ ಹಡಗಿನಲ್ಲಿ ಸ್ಕರ್ವಿ ಹಿಡಿದಾಗ ಎಂದೂ ಮಾಯದೇ ಇದ್ದಂತೆ ಬಾಯಿ ಬಿಟ್ಟಿತಂತೆ. ಕೂಡಿಕೊಂಡಿದ್ದ ಮೂಳೆಯೂ ಬೇರೆಯಾಯಿತಂತೆ. ಆ ಕಾಲದವರಿಗೆ ಇದು ಮಾಟದಂತೆ ಕಂಡಿದ್ದರೆ ತಪ್ಪೇನಿಲ್ಲ.

ಈ ರೋಗವನ್ನು ಪ್ರಾಣಿಯಲ್ಲಿ ನೋಡಲು ಸಾಧ್ಯವಾದದ್ದು ಅದೃಷ್ಟದಿಂದ. ಈಗ ಓಸ್ಲೊ ಎನಿಸಿಕೊಂಡ ಕ್ರಿಸ್ಟಿಯಾನಿಯಾದಲ್ಲಿ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಹುಡುಕುತ್ತಿದ್ದುದು ಸ್ಕರ್ವಿಯನ್ನಲ್ಲ, ನಾರ್ವೆಯ ನಾವಿಕರನ್ನು ಕಾಡುತ್ತಿದ್ದ ಬೆರಿಬೆರಿಯನ್ನು. ಹಕ್ಕಿಗಳ ಮೇಲೆ ಮಾಡಿದ್ದ ಪ್ರಯೋಗವನ್ನು ಸಸ್ತನಿಯ ಮೇಲೂ ಮಾಡೋಣವೆಂದು ಗಿನಿಪಿಗ್‌ಗಳಿಗೆ ಬರೀ ಧಾನ್ಯ ಹಾಕಿದರು. ಬೆರಿಬೆರಿ ಬರಲಿಲ್ಲ, ಒಸಡಿನಲ್ಲಿ ರಕ್ತ, ಅಲುಗಾಡುವ ಹಲ್ಲು, ಮುರಿದ ಎಲುಬು. 1907ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗೂಡಿನಲ್ಲಿ ಗಿನಿಪಿಗ್ ಬದಲು ಇಲಿ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಇಲಿಗೆ ವಿಟಮಿನ್ ಸಿ ಮಾಡಿಕೊಳ್ಳಲು ಬರುತ್ತದೆ. 1930ರ ದಶಕದ ಮೊದಲಲ್ಲಿ ಹಂಗೇರಿಯ ಸೆಂಟ್-ಜ್ಯೋರ್ಜಿ ತನ್ನ ಬಳಿ ಇದ್ದ ಆಮ್ಲವೇ ವಿಟಮಿನ್ ಸಿ ಎಂದು ಖಚಿತಪಡಿಸಿಕೊಂಡದ್ದೂ ಗಿನಿಪಿಗ್‌ಗಳ ಮೇಲೆಯೇ.

ವಿಟಮಿನ್ ಸಿ ತಯಾರಿಕೆಯ ಕೊನೆಯ ಹಂತದ ಕಿಣ್ವಕ್ಕೆ ಬೇಕಾದ ಜೀನ್ ಮಂಗಗಳಲ್ಲಿ ಮತ್ತು ನಮ್ಮಲ್ಲಿ ಒಟ್ಟಿಗೆ, ಗಿನಿಪಿಗ್‌ನಲ್ಲಿ, ಹಲವು ಬಾವಲಿಗಳಲ್ಲಿ ಬೇರೆ ಬೇರೆಯಾಗಿ ಕೆಟ್ಟುಹೋಗಿದೆ. ನಮ್ಮ ತೋಟಗಳ ಪಿಕಳಾರ ಹಕ್ಕಿಗೂ ಅದನ್ನು ಮಾಡಿಕೊಳ್ಳಲು ಬಾರದೆಂದು ಕಲ್ಕತ್ತೆಯ ಬಿ. ಸಿ. ಗುಹ ಅವರ ಪ್ರಯೋಗಾಲಯ 1958ರಲ್ಲಿ ವರದಿ ಮಾಡಿತು. ಹಣ್ಣು ತಿನ್ನುವ ಹಕ್ಕಿಗೆ ಇದರಿಂದ ನಷ್ಟವೇನಿಲ್ಲ. ಆಂಡಿಸ್ ಸೀಮೆಯ ಹಸಿ ಹುಲ್ಲು ಮೇಯುತ್ತಿದ್ದ ಗಿನಿಪಿಗ್‌ನ ಪೂರ್ವಜರಿಗೂ ನಷ್ಟವಿರಲಿಲ್ಲ. ಒಣ ಮೇವಿನ ಚೀಲ ಮನುಷ್ಯ ತಂದಿಟ್ಟದ್ದು.

ಹಾಗೆಂದು ವಿಟಮಿನ್ ಸಿ ತಾವೇ ಮಾಡಿಕೊಳ್ಳುವ ಹಸು, ಹಂದಿ, ಕೋಳಿಗಳ ಕೊಲಾಜನ್ ಸದಾ ಭದ್ರ ಎನ್ನುವಂತಿಲ್ಲ. ಹೊಸೆದ ಹಗ್ಗಗಳು ಒಂದಕ್ಕೊಂದು ಬೆಸೆದುಕೊಳ್ಳಬೇಕು, ಆ ಬೆಸುಗೆಯ ಕಿಣ್ವಕ್ಕೆ ತಾಮ್ರ ಬೇಕು. 1960ರ ದಶಕದಲ್ಲಿ ತಾಮ್ರವಿಲ್ಲದ ಆಹಾರ ತಿಂದ ಹಂದಿಮರಿ, ಕೋಳಿಮರಿಗಳು ಮಹಾಪಧಮನಿ ಒಡೆದು ಸತ್ತದ್ದನ್ನು ಅಮೆರಿಕದ ಪ್ರಯೋಗಾಲಯಗಳು ದಾಖಲಿಸಿವೆ. ತಾಮ್ರ ವಿಟಮಿನ್ ಅಲ್ಲ, ಆದರೆ ಈ ಮಾತನ್ನು ಬಿಟ್ಟರೆ ಕಥೆ ಅರ್ಧ.

ಇಷ್ಟೆಲ್ಲ ಅಚ್ಚುಕಟ್ಟಾಗಿ ಹೇಳಿದ ಮೇಲೆ ಒಂದು ತೊಡಕನ್ನೂ ಹೇಳಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಬೆವರ್ಲಿ ಪೀಟರ್ಕೋಫ್ಸ್ಕಿ, ವಿಟಮಿನ್ ಸಿ ಸಾಕಷ್ಟು ಕೊಟ್ಟು ಗಿನಿಪಿಗ್‌ಗಳನ್ನು ಉಪವಾಸ ಕೆಡವಿದರೂ ಕೊಲಾಜನ್ ಉತ್ಪಾದನೆ ಕುಸಿಯುವುದನ್ನು ತೋರಿಸಿದರು. ಸ್ಕರ್ವಿ ಹಿಡಿದ ಪ್ರಾಣಿ ಮೇವು ಬಿಡುತ್ತದೆ, ತೂಕ ಇಳಿಯುತ್ತದೆ, ಬೆಳವಣಿಗೆಯ ಹಾರ್ಮೋನುಗಳ ಸಂದೇಶ ಅಡಗುತ್ತದೆ. ತಿದ್ದುಪಡಿಯ ದೋಷದ ಜೊತೆಗೆ ಇದೂ ಸೇರುತ್ತದೆ. ಅದಕ್ಕೇ ಪಶುವೈದ್ಯರು ವಿಟಮಿನ್ ಚುಚ್ಚುಮದ್ದಿಗೆ ನಿಲ್ಲದೆ ಸಿರಿಂಜಿನಿಂದ ಬಾಯಿಗೆ ಆಹಾರವನ್ನೂ ಹಾಕಿಸುತ್ತಾರೆ. ವಿಟಮಿನ್ ಸಿ ತಯಾರಿಕೆಯ ಜೀನ್ ತೆಗೆದ ಇಲಿಗಳ ಕಥೆ ಇನ್ನೂ ವಿಚಿತ್ರ: ವಿಟಮಿನ್ ಸಿ ಬಹುಮಟ್ಟಿಗೆ ಬರಿದಾದರೂ ಅವು ತಕ್ಕಮಟ್ಟಿಗೆ ಸರಿಯಾದ ಕೊಲಾಜನ್ನನ್ನೇ ಮಾಡಿಕೊಳ್ಳುವುದು ಕಂಡಿದೆ. ಗಿನಿಪಿಗ್‌ನ ಪಾಠ ಎಲ್ಲ ಪ್ರಾಣಿಗೂ ಅಕ್ಷರಶಃ ಹೊಂದದು.

ಮೀನಿನ ಲೆಕ್ಕವೇ ಬೇರೆ. ತಣ್ಣೀರಿನ ಕಾಡ್ ಮೀನಿನ ಚರ್ಮದ ಕೊಲಾಜನ್ ಸುಮಾರು 15 ಡಿಗ್ರಿಗೇ ಬಿಚ್ಚಿಕೊಳ್ಳುತ್ತದೆ. ಹೈಡ್ರಾಕ್ಸಿಪ್ರೋಲೀನ್ ಕಡಿಮೆ, ಅದಿರುವ ನೀರಿಗೆ ಅಷ್ಟು ಸಾಕು. ಆದರೂ ವಿಟಮಿನ್ ಸಿ ಇಲ್ಲದೆ ಅವುಗಳಿಗೂ ನಡೆಯದು. ಶಾರ್ಕ್‌ಗಳು ತಮ್ಮ ಮೂತ್ರಪಿಂಡದಲ್ಲಿ ಅದನ್ನು ಮಾಡಿಕೊಳ್ಳುತ್ತವೆ, ನಾವು ತಿನ್ನುವ ಬಹುತೇಕ ಎಲುಬುಮೀನುಗಳಿಗೆ ಅದು ಬಾರದು. 1960–70ರ ದಶಕಗಳಲ್ಲಿ ಅಮೆರಿಕದ ಸಾಕಣೆ ಕೇಂದ್ರಗಳ ಟ್ರೌಟ್, ಸಾಲ್ಮನ್, ಕ್ಯಾಟ್‌ಫಿಶ್ ಮರಿಗಳ ಬೆನ್ನೆಲುಬು ಗೂನಾಗಿ, ಇಲ್ಲವೇ ಪಕ್ಕಕ್ಕೆ ಸೊಟ್ಟಗಾಗಿ ಬೆಳೆದಾಗ ಕಾರಣ ಸಿಕ್ಕಿದ್ದು ಮೇವಿನಲ್ಲಿ. ಗುಳಿಗೆ ಮಾಡುವಾಗಿನ ಹಬೆಯ ಬಿಸಿಗೆ ಅರ್ಧದಷ್ಟು ವಿಟಮಿನ್ ಹಾಳು, ಗೋದಾಮಿನಲ್ಲಿ ಉಳಿದದ್ದೂ ಹಾಳು. ಕೆರೆಯ ಕಾಟ್ಲ, ರೋಹುಗಳಿಗೆ ನೀರಿನ ಸೂಕ್ಷ್ಮಜೀವಿಗಳಿಂದಲೇ ಒಂದಷ್ಟು ದಕ್ಕುತ್ತದೆ. ತೊಟ್ಟಿಯಲ್ಲಿ ಒತ್ತೊತ್ತಾಗಿ ಸಾಕಿದ ಮೀನಿಗೆ ಚೀಲದ ಮೇವೇ ಗತಿ. ಈಗ ಒಳ್ಳೆಯ ಮೇವಿಗೆ ಬೆರೆಸುವುದು ಫಾಸ್ಫೇಟ್ ಜೋಡಿಸಿದ ವಿಟಮಿನ್ ಸಿ. ಅದು ಬಿಸಿಗೂ ಗಾಳಿಗೂ ಜಗ್ಗುವುದಿಲ್ಲ, ಮೀನಿನ ಕರುಳೇ ಫಾಸ್ಫೇಟ್ ಕಳಚಿ ವಿಟಮಿನ್ ಬಿಡಿಸಿಕೊಳ್ಳುತ್ತದೆ. ಮರಿಯ ಹಂತದಲ್ಲೇ ಅದು ಸಿಗಬೇಕು. ಬೆನ್ನು ಡೊಂಕಾದ ಮೇಲೆ ಕೊಟ್ಟರೆ ಮೀನು ಚೇತರಿಸಿಕೊಂಡು ಬೆಳೆಯುತ್ತದೆ, ಡೊಂಕು ಮಾತ್ರ ಉಳಿಯುತ್ತದೆ.