ಬ್ಯಾರನ್ ಮುಂದೆ ಕೂತವರ ರಕ್ತನಾಳ

ಆಗಸ್ಟ್ ತಿಂಗಳ ರಾತ್ರಿ. ಚುಂಚನಕಟ್ಟೆಯಲ್ಲಿ ಕಾವೇರಿ ಮೈದುಂಬಿ ಧುಮುಕುತ್ತಿರುತ್ತಾಳೆ. ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊರಟರೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಹೊಗೆಸೊಪ್ಪು ಬೇಯಿಸುವ ಕಾಲ ಅದು. ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಸೊಪ್ಪು ಹದ ಮಾಡುವ ಮನೆಯೊಳಗೆ ತೂಗುಹಾಕಿದ ಎಲೆ ಹಳದಿಗೆ ತಿರುಗಿ, ದಂಟು ಒಣಗುವವರೆಗೆ ಐದಾರು ದಿನ ಬೆಂಕಿ ಆರುವಂತಿಲ್ಲ. ಶಾಖ ಏರಿದರೂ ಕಷ್ಟ, ಇಳಿದರೂ ಕಷ್ಟ. ಅದಕ್ಕೇ ಮನೆಯವರು ಸರದಿಯ ಮೇಲೆ ಒಲೆಯ ಬಾಯಿಗೆ ಸೌದೆ ಕೊಡುತ್ತ ಕೂರುತ್ತಾರೆ. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು. ಮಳೆಗಾಲದ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು.

ಈ ಹೊಗೆಯಿಂದ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದು ರಕ್ತನಾಳವನ್ನೂ ಗಡುಸು ಮಾಡುತ್ತದೆ. ಬೀಡಿ ಮುಟ್ಟದ, ಬಿಪಿ ಇಲ್ಲದ, ಗಟ್ಟಿಮುಟ್ಟಾದ ಆಳಿಗೂ ಇದು ತಪ್ಪಿದ್ದಲ್ಲ.

ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪನ್ನು ನೆನಪಿಸಿಕೊಳ್ಳಿ. ಕೈ ಹಿಡಿಯನ್ನು ಒತ್ತುತ್ತದೆ, ಬಿಡುತ್ತದೆ. ಮೂತಿಯ ಸಿಂಚನ ಮಾತ್ರ ನಿಲ್ಲುವುದಿಲ್ಲ. ಒಳಗಿನ ಪುಟ್ಟ ಕೋಣೆಯಲ್ಲಿ ಗಾಳಿ ಅದುಮಿಕೊಂಡಿರುತ್ತದೆ. ಕೈ ಬಿಟ್ಟ ಗಳಿಗೆಯಲ್ಲಿ ಆ ಗಾಳಿಯೇ ನೀರನ್ನು ದೂಡುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿಯದೂ ಇದೇ ಕೆಲಸ. ಹೃದಯ ರಕ್ತವನ್ನು ಚಿಮ್ಮಿಸಿದಾಗ ಅದು ಉಬ್ಬಿಕೊಳ್ಳುತ್ತದೆ, ಹೃದಯ ಸಡಿಲಾದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ನೂಕುತ್ತದೆ. ಮಿದುಳಿಗೆ, ಮೂತ್ರಪಿಂಡಕ್ಕೆ ಹರಿವು ಕಡಿಯುವುದಿಲ್ಲ. ಈ ಹಿಗ್ಗು ಕುಗ್ಗಿಗೆ ಎಲಾಸ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೇಕು. ಅವು ಬಹುಪಾಲು ಗರ್ಭದಲ್ಲಿ, ಬಾಲ್ಯದಲ್ಲಿ ನೇಯ್ದಂಥವು. ಹರಿದರೆ ದೇಹ ಮತ್ತೆ ನೇಯುವುದು ಅತ್ಯಲ್ಪ.

ಪ್ರತಿ ಬಡಿತಕ್ಕೂ ನಾಳದ ಗೋಡೆಯಲ್ಲಿ ಒಂದು ಅಲೆ ಓಡುತ್ತದೆ. ರಕ್ತಕ್ಕಿಂತ ಬಹಳ ವೇಗ ಅದಕ್ಕೆ. ಕತ್ತಿನಲ್ಲೊಂದು, ತೊಡೆಸಂದಿನಲ್ಲೊಂದು ಸಂವೇದಕ ಇಟ್ಟು, ನಾಡಿ ಎರಡೂ ಕಡೆ ತಲುಪುವ ಹೊತ್ತಿನ ಅಂತರ ನೋಡಿ ವೇಗ ಲೆಕ್ಕ ಹಾಕುತ್ತಾರೆ. ಆರೋಗ್ಯವಂತ ತರುಣರಲ್ಲಿ ಅದು ಸೆಕೆಂಡಿಗೆ 6 ಮೀಟರ್ ಆಸುಪಾಸು. 10 ದಾಟಿದರೆ ನಾಳ ಗಡುಸಾಗಿದೆ ಎಂದರ್ಥ. ಅಲೆ ದೂರದ ಕವಲುಗಳಿಗೆ ಬಡಿದು ಹಿಂದಿರುಗುತ್ತದೆ. ಗಡುಸು ನಾಳದಲ್ಲಿ ಅದು ಬೇಗ ವಾಪಸಾಗಿ, ರಕ್ತ ತಳ್ಳುವುದನ್ನು ಇನ್ನೂ ಮುಗಿಸದ ಹೃದಯಕ್ಕೆ ಎದುರಾಗುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ.

ಸ್ವೀಡನ್ನಿನ ಉಮಿಯೊ ನಗರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಬ್ಯಾರನ್ನುಗಳ ಬಗ್ಗೆಯೇ ಮಾಡಿದಂತಿದೆ. ಆರೋಗ್ಯವಂತರಾದ 14 ಜನರನ್ನು ಮೂರು ಗಂಟೆ ಸೌದೆ ಹೊಗೆಯ ಕೋಣೆಯಲ್ಲಿ ಇರಿಸಿದರು. ಗಾಳಿಯ ಘನ ಮೀಟರಿಗೆ ಸುಮಾರು 300 ಮೈಕ್ರೋಗ್ರಾಂ ಕಣಗಳು. ಬೇರೊಂದು ದಿನ ಅದೇ ಜನಕ್ಕೆ ಸೋಸಿದ ಗಾಳಿ. ಹೊಗೆ ಕುಡಿದ ದಿನ ಅಲೆಯ ವೇಗ ಏರಿತ್ತು. ರಕ್ತದೊತ್ತಡ ಮಾತ್ರ ಬದಲಾಗಿರಲಿಲ್ಲ. ನನ್ನನ್ನು ಕಾಡುವುದು ಈ ಕಡೆಯ ಮಾತೇ. ಊರಿನ ಶಿಬಿರದಲ್ಲಿ ತೋಳಿಗೆ ಪಟ್ಟಿ ಸುತ್ತಿ ‘ಬಿಪಿ ನಾರ್ಮಲ್’ ಎಂದು ಬರೆದುಕೊಟ್ಟರೆ, ಅದರಲ್ಲಿ ಈ ಬದಲಾವಣೆ ಕಾಣುವುದಿಲ್ಲ.

ಹೊಗೆಯಲ್ಲಿನ 2.5 ಮೈಕ್ರಾನಿಗಿಂತ ಸಣ್ಣ ಕಣ ತಲೆಗೂದಲಿನ ಇಪ್ಪತ್ತೈದನೇ ಒಂದು ಭಾಗವೂ ದಪ್ಪವಿಲ್ಲ. ಅದು ಶ್ವಾಸಕೋಶದ ತಳದ ಗಾಳಿಚೀಲಗಳನ್ನು ಮುಟ್ಟಿ ನರಗಳನ್ನು ಕೆರಳಿಸುತ್ತದೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ ಗೋಡೆಯ ಸ್ನಾಯು ಬಿಗಿಯುತ್ತದೆ. ಹೊಗೆ ವರ್ಷವರ್ಷವೂ ಮರಳಿದರೆ ಉರಿಯೂತ ನಿಂತುಬಿಡುತ್ತದೆ. ಎಲಾಸ್ಟಿನ್ ಎಳೆಗಳು ತುಂಡಾಗಿ, ಜಗ್ಗದ ಕೊಲಾಜನ್ ಆ ಜಾಗ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಕಣಗಳಿಗೆ ಹಾಕಿದ ಮಿತಿ ವರ್ಷದ ಸರಾಸರಿ 5 ಮೈಕ್ರೋಗ್ರಾಂ. ನಮ್ಮ ದೇಶದ್ದು 40.

ಬ್ಯಾರನ್ ಬಿಟ್ಟುಬಿಡಿ ಎಂದು ಸಾಲ ತೀರಿಸುತ್ತಿರುವ ರೈತನಿಗೆ ಹೇಳುವ ಧೈರ್ಯ ನನಗಿಲ್ಲ. ಹೊಗೆಯನ್ನಂತೂ ತಗ್ಗಿಸಬಹುದು. ಹೊಗೆ ಕೊಳವೆ ಸೂರಿಗಿಂತ ಮೇಲಿರಲಿ, ಬೆಂಕಿ ಕಾಯುವವರು ಗಾಳಿ ಬರುವ ದಿಕ್ಕಿಗೆ ಕೂರಲಿ, ಮಕ್ಕಳ ಹಾಸಿಗೆ ಬ್ಯಾರನ್ ಪಕ್ಕ ಬೇಡ. ಎಲ್ಲಕ್ಕಿಂತ ಮುಖ್ಯ, ಜನವರಿಯ ಚುಂಚನಕಟ್ಟೆ ದನಗಳ ಜಾತ್ರೆ ಮುಗಿದ ಹೊತ್ತಿಗೇ ಸೌದೆ ಸೀಳಿ ಒಟ್ಟಿ, ಬೇಸಿಗೆಯ ಬಿಸಿಲು ಕುಡಿಸಿ, ಮುಂಗಾರಿಗೆ ಮೊದಲು ತಗಡಿನ ಕೆಳಗೆ ಸೇರಿಸಬೇಕು. ಎರಡು ಸೀಳನ್ನು ತಟ್ಟಿ ನೋಡಿ: ಠಣ್ ಎಂದರೆ ಒಣಗಿದೆ, ದಪ್ ಎಂದರೆ ಒಳಗಿನ್ನೂ ನೀರಿದೆ.