ಕೇಳಿ ಪಡೆಯಬೇಕಾದ ಹಕ್ಕು

ಹಿಡಿದವನನ್ನು, ಪ್ರಯಾಣಕಾಲವನ್ನುಳಿದು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸತಕ್ಕದ್ದೆಂಬುದು ನಮ್ಮ ಸಂವಿಧಾನದ 22ನೆಯ ಅನುಚ್ಛೇದದ ವಿಧಿ. ಅನಂತರ ತನಿಖೆ, ದೋಷಾರೋಪ ಪಟ್ಟಿ, ಸಾಕ್ಷಿವಿಚಾರಣೆ, ತೀರ್ಪು. ತಾಲ್ಲೂಕು ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುವ ಕ್ರಮವಿದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೇರೆಗೆ 60 ದಿನಗಳಲ್ಲಿ, ಘೋರಾಪರಾಧವಾದರೆ 90 ದಿನಗಳಲ್ಲಿ, ತನಿಖೆ ಮುಗಿಯದಿದ್ದರೆ ಸೆರೆಯಲ್ಲಿರುವ ಆಪಾದಿತನು ಜಾಮೀನಿಗೆ ಹಕ್ಕುಳ್ಳವನು. ಆದರೆ ಅವನೇ ಕೇಳಬೇಕು. ಕೇಳುವ ಮೊದಲೇ ದೋಷಾರೋಪ ಪಟ್ಟಿ ಸಲ್ಲಿದರೆ ಆ ಹಕ್ಕು ಅಳಿಯಿತು.

ಓದುಬರಹವರಿಯದ ಕೂಲಿಯವನಿಗೆ ಈ ದಿನಗಳ ಲೆಕ್ಕ ಹೇಳುವವರಾರು? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ಬಂಧನದಲ್ಲಿರುವವನಿಗೆ ಉಚಿತ ವಕೀಲರ ನೆರವನ್ನು ವಿಧಿಸಿದೆ. ಮ್ಯಾಜಿಸ್ಟ್ರೇಟರೂ ವಕೀಲರೂ ಇದನ್ನು ಪ್ರತಿಯೊಬ್ಬ ಆಪಾದಿತನಿಗೆ ಅವನ ನುಡಿಯಲ್ಲಿಯೇ ತಿಳಿಯಹೇಳಬೇಕೆಂದು ನಾವು ವಿನಂತಿಸುತ್ತೇವೆ. ಅರಿಯದವನ ಹಕ್ಕು ಇದ್ದೂ ಇಲ್ಲದಂತೆಯೇ ಸರಿ.